ಡಬ್ಬಿಗೆ ಏಣಿ ಇಟ್ಟ ಮೇಲೆ

ನಮ್ಮ ಮನೆಯಲ್ಲಿ ಒಂದು ಡಬ್ಬಿ ಖಾಲಿಯಾಗುವ ಮೊದಲೇ ಅದಕ್ಕೆ ಮೂರು ಜನ ಕಣ್ಣು ಹಾಕಿರುತ್ತಾರೆ. ಅಮ್ಮನಿಗೆ ಊರಿಂದ ಬಂದ ಪುನರ್ಪುಳಿ ಸಿಪ್ಪೆ, ಸಂಡಿಗೆ ತುಂಬಿಡಲು ಬೇಕು. ಗುಜರಿ ಕೊಳ್ಳುವ ಭಂಗಾರ್‌ವಾಲಾನಿಗೆ ಕಿಲೋ ಲೆಕ್ಕಕ್ಕೆ ಬೇಕು. ನನಗೆ ರೈಲಿಗೆ ಬೇಕು. ಮುಂಬೈ ಚೆಂಬೂರಿನ ಒಂದು ಬೆಡ್‌ರೂಮಿನ ಮನೆಯಲ್ಲಿ, ಮಂಚದ ತಲೆಕಡೆ ಗೋಡೆಗೆ ಹೊಡೆದ ಹಲಗೆಯ ಮೇಲೆ ನನ್ನ ಮಾಡೆಲ್ ರೈಲು ಓಡುತ್ತದೆ. ಉದ್ದಕ್ಕೇನೂ ಕೊರತೆಯಿಲ್ಲ, ಅಗಲ ಮಾತ್ರ ಒಂದೂವರೆ ಅಡಿ. ಅಷ್ಟರಲ್ಲಿ ಊರು, ಬೆಟ್ಟ, ಸೇತುವೆ ಎಲ್ಲ ಕೂರುವುದಿಲ್ಲ. ಹಾಗಾಗಿ ರಿಫೈನರಿಗಳಿರುವ ನಮ್ಮ ಮಾಹುಲ್ ಕಡೆ ಇರುವಂಥ ಒಂದು ಎಣ್ಣೆ ಸೈಡಿಂಗ್, ಅಂದರೆ ಎಣ್ಣೆಯ ವ್ಯಾಗನ್ ನಿಲ್ಲುವ ಪಕ್ಕದ ಹಳಿ, ಮಾಡಿದ್ದೇನೆ. ಎರಡು ಹಳಿ, ಒಂದು ಕಾಂಪೌಂಡ್ ಗೋಡೆ, ಗೋಡೆಯ ಹಿಂದೆ ಟ್ಯಾಂಕುಗಳು. ಟ್ಯಾಂಕುಗಳೆಲ್ಲ ಅಡುಗೆಮನೆಯಿಂದ ಬಂದವು.

ಬಹಳ ಸಮಯ ಒಂದು ವಿಷಯ ನನ್ನ ತಲೆ ತಿನ್ನುತ್ತಿತ್ತು. ಹೆಚ್ಚು ಕಡಿಮೆ ಒಂದೇ ಗಾತ್ರದ ಎರಡು ಡಬ್ಬಿ. ಎರಡಕ್ಕೂ ಅದೇ ಬಿಳಿ ಬಣ್ಣ. ಒಂದನ್ನು ನೋಡಿದವರು "ಓ, ರಿಫೈನರಿ" ಅನ್ನುತ್ತಾರೆ. ಇನ್ನೊಂದನ್ನು ನೋಡಿದವರು "ಇದು ಬೋರ್ನ್‌ವಿಟಾ ಡಬ್ಬಿ ಅಲ್ವಾ?" ಅನ್ನುತ್ತಾರೆ. ಲೇಬಲ್ ಕಿತ್ತು, ಉಜ್ಜಿ, ಬಣ್ಣ ಹೊಡೆದು, ಬುಡ ಮೇಲು ಮಾಡಿ ಇಟ್ಟರೂ ಬೋರ್ನ್‌ವಿಟಾ ಹೋಗುವುದಿಲ್ಲ. ಆಕಾರ ಎರಡಕ್ಕೂ ಒಂದೇ. ಟ್ಯಾಂಕ್ ಅಂದರೆ ಒಂದು ದೊಡ್ಡ ಡಬ್ಬಿ ತಾನೇ. ಹಾಗಾದರೆ ಕಣ್ಣು ಏನನ್ನು ನೋಡಿ ತೀರ್ಮಾನ ಮಾಡುತ್ತದೆ?

ಅಳತೆಯ ಜಗಳ

ಮೊದಲು ನನಗೆ ಅನ್ನಿಸಿದ್ದು ಅಳತೆಯೇ ಇರಬೇಕು ಅಂತ. ನನ್ನದು ಎಚ್‌ಓ ಸ್ಕೇಲ್, ಅಂದರೆ ನಿಜದ 87ರಲ್ಲಿ 1 ಪಾಲು. ಹಾಲಿನ ಪುಡಿಯ ಡಬ್ಬಿಯೊಂದು 10 ಸೆಂಟಿಮೀಟರ್ ಅಡ್ಡಳತೆ ಇದ್ದರೆ ನಿಜದಲ್ಲಿ ಅದು 8.7 ಮೀಟರ್. ಕೇಳಲು ದೊಡ್ಡದೇ. ಆದರೆ ರಿಫೈನರಿಯಲ್ಲಿ ಅದು ಮೂಲೆಯಲ್ಲಿ ನಿಲ್ಲುವ ಸಣ್ಣ ಟ್ಯಾಂಕ್. ಕಚ್ಚಾ ಎಣ್ಣೆಯ ಟ್ಯಾಂಕ್ 60 ಮೀಟರ್ ಅಡ್ಡಳತೆ ಇರುವುದು ದೊಡ್ಡ ಸಂಗತಿಯೇನಲ್ಲ. ಅದನ್ನು 87ರಿಂದ ಭಾಗಿಸಿದರೆ 69 ಸೆಂಟಿಮೀಟರ್. ನನ್ನ ಹಲಗೆಯೇ 45 ಸೆಂಟಿಮೀಟರ್. ಸರಿಯಾದ ಅಳತೆಯ ಒಂದೇ ಒಂದು ಟ್ಯಾಂಕ್ ಇಟ್ಟರೂ ಅದರ ಮೂರನೇ ಒಂದು ಪಾಲು ಮಂಚದ ಮೇಲೆ ಬರುತ್ತದೆ.

ಇನ್ನು ಹಳಿಯ ವಿಷಯ. ಎಚ್‌ಓ ಹಳಿಯ ಗೇಜ್, ಅಂದರೆ ಎರಡು ಕಂಬಿಗಳ ನಡುವಿನ ಅಂತರ, 16.5 ಮಿಲಿಮೀಟರ್. ಅದು ಯುರೋಪ್, ಅಮೆರಿಕದ 1,435 ಮಿಲಿಮೀಟರ್ ಗೇಜ್‌ನ 87ನೇ ಒಂದು ಪಾಲು. ನಮ್ಮ ಬ್ರಾಡ್‌ಗೇಜ್ 1,676. ಲೆಕ್ಕ ಹಾಕಿದರೆ ಹಳಿ 19.3 ಮಿಲಿಮೀಟರ್ ಇರಬೇಕಿತ್ತು. ಅಂಥ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಎಚ್‌ಓದಲ್ಲಿ ಭಾರತದ ರೈಲು ಓಡಿಸುವವರು ಹೆಚ್ಚಿನವರು ಚಕ್ರದ ಕೆಳಗೇ ಒಂದು ಸುಳ್ಳು ಇಟ್ಟುಕೊಂಡೇ ಶುರು ಮಾಡುತ್ತಾರೆ. ಅದನ್ನು ಯಾರೂ ಗಮನಿಸುವುದಿಲ್ಲ. ಗಮನಿಸುವವರು ಹೇಳುವುದಿಲ್ಲ, ಅವರ ಮನೆಯಲ್ಲೂ ಅದೇ ಕತೆ.

ಅಂದರೆ ಅಳತೆ ತಪ್ಪಿದ್ದರಿಂದ ಡಬ್ಬಿ ಡಬ್ಬಿಯಾಗಿ ಉಳಿಯುವುದಲ್ಲ. ಕಣ್ಣು ಸಣ್ಣ ಟ್ಯಾಂಕನ್ನು ಸಲೀಸಾಗಿ ಒಪ್ಪಿಕೊಳ್ಳುತ್ತದೆ. ಅದು ಒಪ್ಪದಿರುವುದು ಬೇರೆ ಸಣ್ಣಪುಟ್ಟ ವಿಷಯಗಳನ್ನು. ಮುಚ್ಚಳದ ಅಂಚಿಗೆ ಹಿಡಿತಕ್ಕೆಂದು ಮಾಡಿದ ಗೀರುಗಳಿರುತ್ತವಲ್ಲ, ಎರಡು ಮಿಲಿಮೀಟರ್ ಅಗಲದವು, ಅವು ನಿಜದ ಲೆಕ್ಕದಲ್ಲಿ 17 ಸೆಂಟಿಮೀಟರ್ ಅಗಲದ ಚರಂಡಿಗಳು. ಬುಡ ಮೇಲು ಮಾಡಿ ಇಟ್ಟರೆ ತಳದ ಮರುಬಳಕೆ ತ್ರಿಕೋನ ಚಾವಣಿಗೆ ಬರುತ್ತದೆ. ಒಂದೂವರೆ ಸೆಂಟಿಮೀಟರ್ ಅಂದರೆ 1.3 ಮೀಟರ್ ಉದ್ದದ ಬಾಣಗಳು. ಯಾವ ರಿಫೈನರಿಯವರು ತಮ್ಮ ಟ್ಯಾಂಕಿನ ತಲೆಯ ಮೇಲೆ ಹಾಗೆ ಬರೆಸುತ್ತಾರೆ? ಅದನ್ನು ಉಜ್ಜಿ ತೆಗೆಯಲೇಬೇಕು. ಆದರೆ ತಳದ ನಡುವೆ, ಅಚ್ಚಿನೊಳಗೆ ಪ್ಲಾಸ್ಟಿಕ್ ಸುರಿದ ಜಾಗದಲ್ಲಿ ಒಂದು ಸಣ್ಣ ಮೊಗ್ಗು ಉಳಿದಿರುತ್ತದೆ. ಅದನ್ನು ಬಿಟ್ಟುಬಿಡಿ. ಟ್ಯಾಂಕಿನ ಗಾಳಿ ಬಿಡುವ ವೆಂಟ್ ಅಲ್ಲೇ ಬರುವುದು.

ಡಿಪ್ ತೆಗೆಯುವವನ ದಾರಿ

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ದೊಡ್ಡಪ್ಪನಿಂದ. ಅವರು ಶಿವಡಿಯ ಒಂದು ಎಣ್ಣೆ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಈಗ ಡೊಂಬಿವಲಿಯಲ್ಲಿದ್ದಾರೆ. ಚೌತಿಯ ಸಮಯದಲ್ಲಿ ಮನೆಗೆ ಬಂದಿದ್ದರು. ಊಟ ಆದ ಮೇಲೆ ರೈಲು ನೋಡುತ್ತೇನೆ ಅಂದರು. ನೋಡಿದರು. ಎಂಜಿನ್ ಬಗ್ಗೆ ಒಂದು ಮಾತಿಲ್ಲ. ವ್ಯಾಗನ್‌ಗಳನ್ನು ಒಮ್ಮೆ ಎಣಿಸಿದರು. ಆಮೇಲೆ ಕನ್ನಡಕ ಹಣೆಗೇರಿಸಿ, ಟ್ಯಾಂಕಿನ ಹತ್ತಿರ ಮುಖ ತಂದು ಕೇಳಿದರು: "ಅಲ್ಲ ಮಾರಾಯ, ಇದಕ್ಕೆ ಡಿಪ್ ತೆಗಿಯುವವ ಎಲ್ಲಿಂದ ಹತ್ತುದು?"

ಡಿಪ್ ಅಂದರೆ ಟ್ಯಾಂಕಿನಲ್ಲಿ ಎಣ್ಣೆ ಎಷ್ಟು ಎತ್ತರ ಇದೆ ಅಂತ ಅಳೆಯುವುದು. ಈಗ ಅದಕ್ಕೆ ಯಂತ್ರಗಳಿವೆ. ದೊಡ್ಡಪ್ಪನ ಕಾಲದಲ್ಲಿ ಮನುಷ್ಯನೇ ಹತ್ತಬೇಕು. ಯಂತ್ರ ಬಂದ ಮೇಲೂ ತಾಳೆ ನೋಡಲು ಮನುಷ್ಯ ಹತ್ತುವುದು ನಿಂತಿಲ್ಲ ಅಂತ ಅವರ ಮಾತು. ಆವತ್ತು ಅವರು ನನ್ನ ಹಲಗೆಯ ಮುಂದೆ ನಿಂತು ಹತ್ತುವುದನ್ನು ತೋರಿಸಿದರು. ಸುಮ್ನೆ ಹೇಳಲಿಲ್ಲ, ಮಾಡಿ ತೋರಿಸಿದರು. ಕೆಳಗೆ ಮೊದಲು ಬರಿಗೈಯಲ್ಲಿ ರೇಲಿಂಗ್ ಮುಟ್ಟಬೇಕು, ಮೈಯಲ್ಲಿ ಸ್ಥಾಯಿ ವಿದ್ಯುತ್ ಇದ್ದರೆ ನೆಲಕ್ಕೆ ಹೋಗಲಿ ಅಂತ. ನೈಲಾನ್ ಅಂಗಿ ಹಾಕುವ ಹಾಗಿಲ್ಲ, ಹತ್ತಿ ಬಟ್ಟೆಯೇ ಆಗಬೇಕು. ಒಂದು ಕೈ ಯಾವಾಗಲೂ ರೇಲಿಂಗ್ ಮೇಲೆ. ಹಾಗಾಗಿ ಟೇಪು, ಬಟ್ಟೆ ಚೂರು, ಪೇಸ್ಟ್ ಎಲ್ಲ ಹೆಗಲ ಚೀಲದಲ್ಲಿ. ಮೇಲೆ ಹೋದ ಮೇಲೆ ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿ ನಿಲ್ಲಬೇಕು, ಮುಚ್ಚಳ ತೆಗೆದಾಗ ಆವಿ ಮುಖಕ್ಕೆ ಬರಬಾರದು. ಟೇಪಿನ ತುದಿಗೆ ಹಿತ್ತಾಳೆಯ ಗುಂಡು. ಕಬ್ಬಿಣ ಬೇಡ, ತಾಗಿದರೆ ಕಿಡಿ. ಗುಂಡಿಗೆ ಒಂದು ಪೇಸ್ಟ್ ಸವರುತ್ತಾರೆ, ತಳದಲ್ಲಿ ನೀರು ನಿಂತಿದ್ದರೆ ಅಲ್ಲಿಯವರೆಗೆ ಪೇಸ್ಟಿನ ಬಣ್ಣ ಬದಲಾಗುತ್ತದೆ. ಟೇಪನ್ನು ನಿಧಾನ ಇಳಿಸಬೇಕು. ಅವರು ಅದನ್ನು ಹೇಳುವಾಗ ಎರಡು ಬೆರಳಿನ ನಡುವೆ ಇಲ್ಲದ ಟೇಪನ್ನು ಬಿಡುತ್ತಾ ಬಂದರು. ಗುಂಡು ತಳ ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತದಂತೆ. ನಮ್ಮ ಕೋಣೆಯಲ್ಲಿ ಅವರ ಬೆರಳು ನಿಂತಿತು. ಒಳಗಿಂದ ಅಮ್ಮ ಕೇಳಿದರು, "ಬಾವ, ಕಾಫಿಯಾ ಚಹಾವಾ?" ದೊಡ್ಡಪ್ಪ ಆ ಕಡೆ ನೋಡದೆ, "ಸ್ವಲ್ಪ ನಿಲ್ಲು, ಓದಿ ಆಗಲಿ" ಅಂದರು.

ಆ ಪ್ರಶ್ನೆ ಕೇಳಿದ ಮೇಲೆ ನನ್ನ ಎರಡು ಡಬ್ಬಿಗಳ ವ್ಯತ್ಯಾಸ ಎದ್ದು ಕಂಡಿತು. ರಿಫೈನರಿ ಅನ್ನಿಸುತ್ತಿದ್ದ ಡಬ್ಬಿಗೆ ನಾನು ಹೀಗೇ, ಚಂದಕ್ಕೆ ಇರಲಿ ಅಂತ ಒಂದು ಏಣಿ ಅಂಟಿಸಿದ್ದೆ. ಇನ್ನೊಂದಕ್ಕೆ ಇರಲಿಲ್ಲ. ಏಣಿ ಇದ್ದರೆ ಕಣ್ಣು ತಾನಾಗಿಯೇ ಅಲ್ಲೊಬ್ಬ ಮನುಷ್ಯನನ್ನು ನಿಲ್ಲಿಸಿಕೊಳ್ಳುತ್ತದೆ. ಎಚ್‌ಓದಲ್ಲಿ ಮನುಷ್ಯ ಎರಡು ಸೆಂಟಿಮೀಟರ್ ಕೂಡ ಇರುವುದಿಲ್ಲ. ಅವನು ಬಂದ ತಕ್ಷಣ ಪಕ್ಕದ ಡಬ್ಬಿ ಕಟ್ಟಡವಾಗುತ್ತದೆ. ಅವನ ಗೊಂಬೆಯೂ ಬೇಕಿಲ್ಲ, ಅವನು ಹತ್ತುವ ದಾರಿ ಇದ್ದರೆ ಸಾಕು. ಪುಣೆಯ ಕೋಥರೂಡ್‌ನಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆಯಲ್ಲ, 1998ರಲ್ಲಿ ಶುರುವಾದದ್ದು, ಅಲ್ಲಿ ಮಕ್ಕಳು ರೈಲು ನೋಡುತ್ತಿದ್ದರೆ ನಾನು ಬೇಲಿ, ದೀಪದ ಕಂಬ, ಸಿಗ್ನಲ್‌ಗಳನ್ನೇ ನೋಡುತ್ತಿದ್ದೆ. ಒಂದೊಂದರ ಪಕ್ಕದಲ್ಲೂ ಒಬ್ಬ ಮನುಷ್ಯ ಬಂದು ಕೆಲಸ ಮಾಡುವಷ್ಟು ಜಾಗ ಇದೆಯಾ ಅಂತ. ಈ ಚಾಳಿ ದೊಡ್ಡಪ್ಪ ಅಂಟಿಸಿದ್ದು.

ಏಣಿ ಮಾಡುವುದು ಸುಲಭ. ಸ್ಟೇಪ್ಲರ್ ಪಿನ್‌ಗಳನ್ನು ಮೂರೂವರೆ ಮಿಲಿಮೀಟರ್ ಅಂತರದಲ್ಲಿ ಡಬ್ಬಿಗೆ ಚುಚ್ಚುತ್ತಾ ಹೋಗಿ. ಆ ಅಂತರ ನಿಜದ ಒಂದು ಅಡಿ. ಏಣಿ ಸ್ವಲ್ಪ ಅಗಲವಾಗುತ್ತದೆ, ಪರವಾಗಿಲ್ಲ. ಡಬ್ಬಿಯ ಸುತ್ತ ಬಳಸಿ ಹೋಗುವ ಮೆಟ್ಟಿಲು ಮಾತ್ರ ತಾಳ್ಮೆಯ ಕೆಲಸ. ಡಬ್ಬಿಗೆ ಕಾಗದ ಸುತ್ತಿ, ಬಿಡಿಸಿ, ಅದರ ಮೇಲೆ 45 ಡಿಗ್ರಿಯಲ್ಲಿ ನೇರ ಗೆರೆ ಎಳೆದು ಮತ್ತೆ ಸುತ್ತಿದರೆ ಮೆಟ್ಟಿಲಿನ ದಾರಿ ಸಿಗುತ್ತದೆ. ಮೆಟ್ಟಿಲಿಗೆ ಮದುವೆ ಕರೆಯೋಲೆಯ ದಪ್ಪ ಕಾಗದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ರೇಲಿಂಗ್‌ಗೆ ಹಳೇ ವಯರಿನ ಒಳಗಿನ ತಾಮ್ರದ ಎಳೆ.

ಇಲ್ಲೊಂದು ಸೂಕ್ಷ್ಮ ಇದೆ. 10 ಸೆಂಟಿಮೀಟರ್ ಅಡ್ಡಳತೆ, 15 ಸೆಂಟಿಮೀಟರ್ ಎತ್ತರದ ಡಬ್ಬಿಗೆ ಈ ಮೆಟ್ಟಿಲು ಹಾಕಿದರೆ ಅದು ಹತ್ತಿರ ಹತ್ತಿರ ಅರ್ಧ ಸುತ್ತು ಬರುತ್ತದೆ. 60 ಮೀಟರ್ ಟ್ಯಾಂಕಿನ ಸುತ್ತಳತೆ 188 ಮೀಟರ್. ಎತ್ತರ 15 ಮೀಟರ್ ಅಂದುಕೊಂಡರೆ ಮೆಟ್ಟಿಲು ಅದರ ಹತ್ತನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಅಂದರೆ ಮೆಟ್ಟಿಲು ಜಾಸ್ತಿ ಸುತ್ತಿದಷ್ಟೂ ಟ್ಯಾಂಕ್ ಸಣ್ಣದು ಅಂತ ಕಣ್ಣಿಗೆ ಚಾಡಿ ಹೇಳುತ್ತದೆ. ಸಣ್ಣ ಡಬ್ಬಿಗೆ ನೇರ ಏಣಿಯೇ ಸರಿ. ದೊಡ್ಡ ಟ್ಯಾಂಕ್ ಬೇಕು ಅನ್ನಿಸಿದರೆ ನಾನು ದೊಡ್ಡ ಬಕೆಟ್ಟನ್ನು ಉದ್ದಕ್ಕೆ ಸೀಳಿ, ಒಂದು ತುಂಡನ್ನು ಮಾತ್ರ ಹಿಂದಿನ ಗೋಡೆಗೆ ಅಂಟಿಸುತ್ತೇನೆ. ಬಾಗು ಕಡಿಮೆ ಇದ್ದಷ್ಟೂ ಟ್ಯಾಂಕ್ ದೊಡ್ಡದು. ಉಳಿದ ಭಾಗ ನೋಡುವವರ ತಲೆಯಲ್ಲಿ ಪೂರ್ತಿಯಾಗುತ್ತದೆ. ಹಾರ್ಬರ್ ಲೈನಿನಲ್ಲಿ ಹೋಗುವಾಗ ಶಿವಡಿಯ ಹತ್ತಿರ ನಿಜದ ಟ್ಯಾಂಕುಗಳು ಕಾಣುವುದೂ ಹೀಗೇ. ಗೋಡೆಯ ಮೇಲೆ ಒಂದು ತುಂಡು ಬಾಗು, ಒಂದು ರೇಲಿಂಗ್. ಅಷ್ಟರಲ್ಲಿ ರೈಲು ಮುಂದೆ ಹೋಗಿರುತ್ತದೆ.

ಎಣ್ಣೆ ಬೇರೆ, ಕಾಳು ಬೇರೆ

ಎಣ್ಣೆಯ ಟ್ಯಾಂಕ್, ಕಾಳು ಸಿಮೆಂಟು ತುಂಬಿಡುವ ಎತ್ತರದ ಸೈಲೊ, ಎರಡೂ ಉರುಟು. ಒಳಗಿನ ಒತ್ತಡ ಗೋಡೆಗೆ ಎಲ್ಲ ಕಡೆ ಸಮನಾಗಿ ಬೀಳಲಿ ಅಂತ. ಚೌಕದ ಡಬ್ಬಿಗೆ ನೀರು ತುಂಬಿದರೆ ಬದಿಗಳು ಉಬ್ಬುತ್ತವೆ, ಉರುಟು ಡಬ್ಬಿ ಉಬ್ಬುವುದಿಲ್ಲ. ಆದರೆ ಎರಡರ ಮೈ ಬೇರೆ ಬೇರೆ. ಎಣ್ಣೆಯ ಟ್ಯಾಂಕಿನಲ್ಲಿ ಆಳ ಹೆಚ್ಚಿದಂತೆ ಒತ್ತಡ ಹೆಚ್ಚುತ್ತಲೇ ಹೋಗುತ್ತದೆ. ಅದಕ್ಕೆ ದೊಡ್ಡ ಟ್ಯಾಂಕುಗಳ ಕೆಳಗಿನ ಸಾಲಿನ ತಗಡು ದಪ್ಪ, ಮೇಲಿನದು ತೆಳು. ಕಾಳು ಹಾಗಲ್ಲ. ಕಾಳು ಗೋಡೆಗೆ ಉಜ್ಜಿಕೊಂಡು ನಿಲ್ಲುತ್ತದೆ, ತನ್ನ ಭಾರದ ಒಂದು ಪಾಲನ್ನು ಗೋಡೆಯ ಮೇಲೆ ಹಾಕುತ್ತದೆ. ಹಾಗಾಗಿ ಒಂದು ಎತ್ತರ ದಾಟಿದ ಮೇಲೆ ಎಷ್ಟು ತುಂಬಿದರೂ ತಳದ ಒತ್ತಡ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ. ಇದರ ಲೆಕ್ಕವನ್ನು 1895ರಲ್ಲಿ ಯಾನ್ಸೆನ್ ಎಂಬ ಜರ್ಮನ್ ಎಂಜಿನಿಯರ್ ಬರೆದಿಟ್ಟರು. ಅವರು ಪ್ರಯೋಗ ಮಾಡಿದ್ದು ಸಣ್ಣ ಮಾದರಿ ಸೈಲೊಗಳಲ್ಲಿ, ಕಾಳು ತುಂಬಿ. ನಮ್ಮ ಹವ್ಯಾಸಕ್ಕೆ ಇಷ್ಟು ದೊಡ್ಡ ನೆಂಟ ಇದ್ದಾರೆ ಅಂತ ಅಮ್ಮನಿಗೆ ಹೇಳಿದೆ. "ಅವರು ಪ್ರಯೋಗ ಆದ ಮೇಲೆ ಡಬ್ಬಿ ವಾಪಸ್ ಕೊಟ್ಟಿರಬಹುದು" ಅಂದರು.

ಗೋಡೆಯ ಮೇಲೆ ಭಾರ ಬೀಳುವುದರಿಂದ ಅಲೆ ತಗಡಿನ ಸೈಲೊಗೆ ಹೊರಗಡೆ ಉದ್ದುದ್ದ ಪಟ್ಟಿಗಳನ್ನು ಕೊಡುತ್ತಾರೆ, ಗೋಡೆ ಕುಸಿಯದಿರಲಿ ಅಂತ. ಮೇಲೆ ತೆರೆದ ಟ್ಯಾಂಕಿಗೆ ಅಡ್ಡ ಬಳೆ ಕೊಡುತ್ತಾರೆ, ಗಾಳಿಗೆ ನೆಗ್ಗದಿರಲಿ ಅಂತ. ಮಾಡೆಲ್ ಮಾಡುವವರಿಗೆ ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಕಡ್ಡಿ ಉದ್ದಕ್ಕೆ ಅಂಟಿಸಿದರೆ ಕಾಳು, ಅಡ್ಡ ಅಂಟಿಸಿದರೆ ಎಣ್ಣೆ.

ಆದರೆ ಕಾಳಿನ ಸೈಲೊ ನನ್ನ ಹಲಗೆಯ ಮೇಲೆ ಇಲ್ಲ. ಹೊರದೇಶದ ಕಿಟ್‌ಗಳಲ್ಲಿ ಸ್ಟೇಷನ್ ಪಕ್ಕ ಸಾಲು ಸಾಲು ಸೈಲೊ ಬರುತ್ತವೆ. ನೋಡಲು ಬಹಳ ಚಂದ. ಆದರೆ ನಮ್ಮಲ್ಲಿ ಅಕ್ಕಿ ಗೋಧಿ ಹೆಚ್ಚಾಗಿ ಗೋಣಿಯಲ್ಲಿ ಬಂದು ಗೋಡೌನಿಗೆ ಹೋಗುತ್ತದೆ. ಉಕ್ಕಿನ ಸೈಲೊಗಳು ಈಗೀಗ ಬರುತ್ತಿವೆ. ಚೆಂಬೂರಿನಲ್ಲಿ ಅದನ್ನು ನಿಲ್ಲಿಸಿದರೆ ಸುಳ್ಳೇ ಸುಳ್ಳು. ಮುಂಬೈಯಲ್ಲಿ ಬೇಕಾದಷ್ಟು ಇರುವುದು ಸಿಮೆಂಟಿನ ಸೈಲೊ. ಮೆಟ್ರೊ ಕೆಲಸ, ಹೊಸ ಟವರ್ ಎಲ್ಲಿದೆಯೋ ಅದರ ಹತ್ತಿರ ಎಲ್ಲೋ ಕಾಂಕ್ರೀಟ್ ಕಲಸಿ ಕಳಿಸುವ ಒಂದು ರೆಡಿಮಿಕ್ಸ್ ಪ್ಲಾಂಟ್ ಇರುತ್ತದೆ. ನಾಲ್ಕು ಕಾಲಿನ ಮೇಲೆ ನಿಂತ ಉದ್ದ ಡಬ್ಬಿ, ಕೆಳಗೆ ಚೂಪಾದ ಶಂಕು. ಟಾಲ್ಕಂ ಪೌಡರಿನ ಉರುಟು ಡಬ್ಬಿಗೆ ಎಣ್ಣೆ ಸುರಿಯುವ ಆಲಿಕೆಯ ಬಾಯಿ ಜೋಡಿಸಿದರೆ ಅದೇ. ಶಂಕು ಕಡಿದಾಗಿರಬೇಕು, ಇಲ್ಲದಿದ್ದರೆ ಸಿಮೆಂಟು ಒಳಗೇ ಕೂತುಬಿಡುತ್ತದೆ. ಇದಕ್ಕೂ ದೊಡ್ಡಪ್ಪನ ಪ್ರಶ್ನೆಯನ್ನೇ ಕೇಳಿದೆ. ಇಲ್ಲಿ ಯಾರು, ಯಾಕೆ ಹತ್ತುತ್ತಾರೆ? ಸಿಮೆಂಟು ತಂದ ಬಲ್ಕರ್ ಲಾರಿ ಕೆಳಗೆ ನಿಂತು ಗಾಳಿಯ ಒತ್ತಡದಲ್ಲಿ ಪೈಪಿನ ಮೂಲಕ ಪುಡಿಯನ್ನು ಮೇಲಕ್ಕೆ ಊದುತ್ತದೆ. ಆ ಗಾಳಿ ಹೊರಗೆ ಹೋಗಬೇಕು, ಧೂಳು ಹೋಗಬಾರದು. ಅದಕ್ಕೆ ತಲೆಯ ಮೇಲೊಂದು ಫಿಲ್ಟರ್ ಪೆಟ್ಟಿಗೆ. ಅದನ್ನು ನೋಡಿಕೊಳ್ಳುವವನಿಗೆ ಏಣಿ, ಏಣಿಯ ಸುತ್ತ ಪಂಜರ, ಮೇಲೆ ಕಟಕಟೆ. ಊದುವ ಪೈಪಿಗೆ ತಂಪು ಪಾನೀಯದ ಸ್ಟ್ರಾ ಸಾಕು, ಮೇಲೆ ಬಾಗುವ ಜಾಗದಲ್ಲಿ ಮಡಚುವ ಸ್ಟ್ರಾದ ಕತ್ತು.

ತಳದ ನಂಬರ್, ಆಕಾಶದ ಮಳೆ

ಅಂಟು, ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತ್ರಿಕೋನ ಉಜ್ಜುವ ಮೊದಲು ಅದರೊಳಗಿನ ನಂಬರ್ ನೋಡಿಕೊಳ್ಳಿ. 2 ಅಥವಾ 5 ಇದ್ದರೆ ಅದು ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಮಾಮೂಲಿ ಅಂಟಾಗಲಿ ಬಣ್ಣವಾಗಲಿ ಅದರ ಮೇಲೆ ನಿಲ್ಲುವುದಿಲ್ಲ, ಉಗುರು ತಾಗಿದರೆ ಸಿಪ್ಪೆ ಏಳುತ್ತದೆ. ಅಂಥ ಡಬ್ಬಿಗೆ ನಾನು ಬಣ್ಣವನ್ನೇ ಹೊಡೆಯುವುದಿಲ್ಲ. ತೆಳು ಡ್ರಾಯಿಂಗ್ ಕಾಗದ ಬಿಗಿಯಾಗಿ ಸುತ್ತಿ, ಕಾಗದದ ತುದಿಗಳನ್ನು ಒಂದಕ್ಕೊಂದು ಅಂಟಿಸುತ್ತೇನೆ. ಅದರಿಂದ ಇನ್ನೊಂದು ಲಾಭ. ನಿಜದ ಟ್ಯಾಂಕ್ ಒಂದರ ಮೇಲೊಂದು ಬಳೆಯಾಗಿ ಬೆಸೆದ ತಗಡುಗಳದ್ದು. ಎರಡು ಮೀಟರ್ ಎತ್ತರದ ತಗಡಾದರೆ ನಮ್ಮಲ್ಲಿ 23 ಮಿಲಿಮೀಟರ್. ಕಾಗದ ಸುತ್ತುವ ಮೊದಲೇ ಮೊಂಡು ಸೂಜಿಯಲ್ಲಿ ಆ ಗೆರೆಗಳನ್ನು ಒತ್ತಿಬಿಟ್ಟರೆ, ಬೆಳಕು ಬದಿಯಿಂದ ಬಿದ್ದಾಗ ಮಾತ್ರ ಕಾಣುತ್ತವೆ. ಉದ್ದ ಗೆರೆಗಳು ಸಾಲಿನಿಂದ ಸಾಲಿಗೆ ಒಂದರ ಕೆಳಗೆ ಒಂದು ಬರಬಾರದು, ಇಟ್ಟಿಗೆ ಕಟ್ಟಿದ ಹಾಗೆ ತಪ್ಪಿಸಬೇಕು. ಚಾವಣಿಗೆ ಉರುಟು ಕಾಗದ ಕತ್ತರಿಸಿ, ನಡುವಿನಿಂದ ಒಂದು ಸಣ್ಣ ಸೀಳು ತೆಗೆದು, ಅಂಚುಗಳನ್ನು ಕೂಡಿಸಿದರೆ ತಗ್ಗು ಶಂಕು ಬರುತ್ತದೆ. ಇಳಿಜಾರು ಬಹಳ ಕಡಿಮೆ ಸಾಕು, 16ಕ್ಕೆ 1ರಷ್ಟು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿ ಮುಟ್ಟಬೇಡಿ. ಮುಂಬೈಯ ಆ ಹಸಿ ಗಾಳಿಯಲ್ಲಿ ಬಣ್ಣ ಒಣಗುವಾಗ ಹಾಲು ಹಾಲಾಗುತ್ತದೆ. ಬಿಳಿ ಬಣ್ಣ ಯಾಕೆ ಅಂತ ಯಾರಾದರೂ ಕೇಳಿದರೆ, ಬಿಸಿಲು ಹೀರದೆ ಒಳಗಿನ ಪೆಟ್ರೋಲ್ ಆವಿಯಾಗಿ ನಷ್ಟವಾಗುವುದು ಕಮ್ಮಿಯಾಗಲಿ ಅಂತ. ಆ ನಷ್ಟ ತಪ್ಪಿಸಲೆಂದೇ ತೇಲುವ ಚಾವಣಿಯ ಟ್ಯಾಂಕ್ ಇರುವುದು. ಚಾವಣಿ ಎಣ್ಣೆಯ ಮೇಲೇ ತೇಲುತ್ತದೆ, ಎಣ್ಣೆಯ ಜೊತೆ ಏರಿ ಇಳಿಯುತ್ತದೆ. ನಮಗೆ ಇದು ಬಹಳ ಸುಲಭ, ಡಬ್ಬಿಯ ಮುಚ್ಚಳವನ್ನು ಸ್ವಲ್ಪ ಸಣ್ಣದಾಗಿ ಕತ್ತರಿಸಿ ಒಳಗೆ ಇಳಿಸಿದರೆ ಆಯಿತು. ದೊಡ್ಡಪ್ಪ ಇದನ್ನೂ ನೋಡಿದರು. "ಮಳೆ ಬಂದ್ರೆ ಮೇಲೆ ನಿಂತ ನೀರು ಎಲ್ಲಿಗೆ ಹೋಗ್ತದೆ?" ಅಂದರು. ಹೋಗಲೇಬೇಕು, ನೀರಿನ ಭಾರಕ್ಕೆ ಚಾವಣಿ ಮುಳುಗಿದರೆ ಕತೆ ಮುಗಿಯಿತು. ಟ್ಯಾಂಕಿನ ಒಳಗೇ, ಎಣ್ಣೆಯ ನಡುವೆ, ಚಾವಣಿಯ ಜೊತೆ ಬಾಗುವ ಒಂದು ಪೈಪ್ ಇಳಿದು ಬುಡದಲ್ಲಿ ಹೊರಗೆ ಬರುತ್ತದೆ. ಅಲ್ಲೊಂದು ವಾಲ್ವ್. ಜೋರು ಮಳೆಯ ರಾತ್ರಿ ಯಾರೋ ಒಬ್ಬ ಕೊಡೆ ಹಿಡಿದು ಹೋಗಿ ಅದನ್ನು ನೋಡಿ ಬರಬೇಕು. ಅವನು ನಡೆಯುವ ದಾರಿಗೆ ನಾನು ಈಗ ಟ್ಯಾಂಕಿನ ಬುಡದಲ್ಲಿ ಒಂದು ಕಿರಿದಾದ ಸಿಮೆಂಟು ಪಟ್ಟಿ ಹಾಕಿದ್ದೇನೆ. ಟ್ಯಾಂಕು ಒಡೆದರೆ ಎಣ್ಣೆ ಹೊರಗೆ ಹರಿಯದಂತೆ ಸುತ್ತ ಒಡ್ಡು ಇರುತ್ತದೆ. ಅದನ್ನು ದಾಟಲು ಮೂರು ಮೆಟ್ಟಿಲು. ನೋಡಲು ಬಂದವರು ಮೊದಲು ತೋರಿಸುವುದು ಆ ಮೆಟ್ಟಿಲನ್ನೇ.

ಬಾಕಿ ಇರುವುದು ಗೋಳ. ಎಲ್‌ಪಿಜಿಯನ್ನು ಒತ್ತಡದಲ್ಲಿ ಇಡುವುದರಿಂದ ಅದಕ್ಕೆ ಚೆಂಡಿನಂಥ ಟ್ಯಾಂಕ್. ಟೇಬಲ್ ಟೆನಿಸ್ ಚೆಂಡು 40 ಮಿಲಿಮೀಟರ್, ನಿಜದ ಲೆಕ್ಕದಲ್ಲಿ ಮೂರೂವರೆ ಮೀಟರ್. ಗ್ಯಾಸ್ ಗೋಳಕ್ಕೆ 15 ಮೀಟರ್ ಆದರೂ ಬೇಡವೇ? ಅಂದರೆ 17 ಸೆಂಟಿಮೀಟರ್ ಚೆಂಡು. ಫುಟ್‌ಬಾಲಿಗೆ ಹೊಲಿಗೆ ಇರುತ್ತದೆ, ಮಕ್ಕಳ ಪ್ಲಾಸ್ಟಿಕ್ ಚೆಂಡಿಗೆ ನಡುವೆ ದಪ್ಪ ಗೀರು. ಗೋಳದ ಕಾಲುಗಳು ಅದರ ಹೊಟ್ಟೆಯ ಮಟ್ಟದಲ್ಲಿ ಬೆಸೆದಿರುತ್ತವೆ, ಕೆಳಗಲ್ಲ. ಹಾಗಾಗಿ ಗೀರು ಸರಿಯಾಗಿ ಅಲ್ಲೇ ಬಂದರೆ ಕಾಲುಗಳ ಹಿಂದೆ ಸ್ವಲ್ಪ ಮುಚ್ಚಿಹೋಗುತ್ತದೆ. ಡಿಸೆಂಬರ್‌ನಲ್ಲಿ ಕ್ರಾಫರ್ಡ್ ಮಾರ್ಕೆಟ್ ಕಡೆ ಕ್ರಿಸ್‌ಮಸ್‌ಗೆ ನೇತುಹಾಕುವ ದೊಡ್ಡ ಚೆಂಡುಗಳು ಬರುತ್ತವೆ, ನಾನು ನೋಡಿದ್ದೆಲ್ಲ ಸಣ್ಣವೇ. 17 ಸೆಂಟಿಮೀಟರಿನದು ಯಾರ ಕಣ್ಣಿಗಾದರೂ ಬಿದ್ದರೆ ಅಂಗಡಿ ಎಲ್ಲಿ ಅಂತ ತಿಳಿಸಿ. ಬಣ್ಣ ಯಾವುದಾದರೂ ಆದೀತು, ಮಿನುಗು ಮೆತ್ತಿದ್ದು ಮಾತ್ರ ಬೇಡ.